ಗೈಡಿನ ಗಂಟಲು

ಮಾರ್ಚ್ ೩, ಸೋಮವಾರ

ಇವತ್ತಿನಿಂದ ಈ ಪುಸ್ತಕವೇ ನನ್ನ ಬಾಯಿ.

ಇಪ್ಪತ್ತನಾಲ್ಕು ವರ್ಷ ನಮ್ಮೂರಿನ ಅರಮನೆ ತೋರಿಸಿದೆ. ದಿನಕ್ಕೆ ಮೂರು ಗುಂಪು, ಗುಂಪಿಗೆ ನಲವತ್ತು ತಲೆ, ಮೈಕು ಗೀಕು ಏನೂ ಇಲ್ಲ. ಅದಕ್ಕೆ ಗಂಟಲು ಕೊಟ್ಟ ಬಹುಮಾನ, ಧ್ವನಿತಂತುವಿನ ಮೇಲೆ ಮೆಣಸಿನ ಕಾಳಿನಷ್ಟು ಗಂಟು. ಮೊನ್ನೆ ಶನಿವಾರ ಅದನ್ನು ತೆಗೆದರು. ಗಂಟಲಿನ ಡಾಕ್ಟರು ಹೇಳಿದ್ದನ್ನು ಹಾಗೆಯೇ ಬರೆದಿಡುತ್ತೇನೆ: "ಹದಿನಾಲ್ಕು ದಿನ ಒಂದಕ್ಷರ ಮಾತಾಡೋ ಹಾಗಿಲ್ಲ. ಪಿಸುಗುಟ್ಟೋದೂ ಬೇಡ. ಗಾಯ ಮಾಯೋ ಮುಂಚೆ ಒಂದ್ಸಲ ಜೋರಾಗಿ ಕೂಗಿದ್ರೂ ಧ್ವನಿ ಹೋದ್ರೆ ಹೋಯ್ತು. ಆಮೇಲೆ ಬಂದು ನನ್ನನ್ನ ಕೇಳಬೇಡಿ." ಹದಿನೈದನೇ ತಾರೀಕು ಮತ್ತೆ ತೋರಿಸಬೇಕು. ಅಂದು ಗೊತ್ತಾಗುತ್ತದೆ, ನಾನು ಇನ್ನೂ ಗೈಡೋ ಅಲ್ಲವೋ ಎಂದು.

ಧ್ವನಿ ಇಲ್ಲದ ಗೈಡು ಚಕ್ರ ಕಳಚಿದ ಬಸ್ಸಿದ್ದ ಹಾಗೆ. ನೋಡುವುದಕ್ಕೆ ಬಸ್ಸೇ, ಆದರೆ ಯಾರೂ ಹತ್ತುವುದಿಲ್ಲ.

ಊರಲ್ಲಿದ್ದರೆ ನಾನು ಸುಮ್ಮನಿರಲಾರೆ ಎಂಬುದು ನನ್ನ ಹೆಂಡತಿಯ ತೀರ್ಮಾನ. "ಪರಿಚಯದವರು ಒಬ್ರೂ ಇಲ್ಲದ ಊರಿಗೆ ಹೋಗೋಣ ರೀ. ನೋಡೋಕೆ ಒಂದಿಷ್ಟು ಇರ್ಬೇಕು, ಮಾತಾಡೋಕೆ ಯಾರೂ ಇರ್ಬಾರ್ದು" ಎಂದಳು. ಹಾಗೆ ಆರಿಸಿದ್ದು ಈ ಪುಟ್ಟ ಊರು. ರೈಲಿನಲ್ಲಿ ನಾಲ್ಕು ಗಂಟೆ. ನದಿಯಿದೆ, ಐದು ಕಮಾನಿನ ಕಲ್ಲಿನ ಸೇತುವೆಯಿದೆ, ಏಳು ನಿಮಿಷ ಹಿಂದಿರುವ ಗಡಿಯಾರದ ಗೋಪುರವಿದೆ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಬಿಡಾರ. ಮೆಟ್ಟಿಲಿನವರೆಗೂ ಅಂಟಿನ ವಾಸನೆ.

ಅಂಗಡಿಯ ಯಜಮಾನಿಗೆ ಎಪ್ಪತ್ತಿರಬೇಕು. ಬೈಂಡಿಂಗ್ ಅಮ್ಮ ಎಂದು ಹೆಸರಿಟ್ಟಿದ್ದೇನೆ. ನಾನು ಮಾತಾಡುವುದಿಲ್ಲ ಎಂದು ತಿಳಿದ ಕೂಡಲೇ ನನಗೆ ಕಿವಿಯೂ ಕೇಳಿಸದು ಎಂದುಕೊಂಡರು. "ಬಿಸಿನೀರು! ಬೆಳಿಗ್ಗೆ! ಆರರಿಂದ! ಎಂಟರವರೆಗೆ!" ಎಂದು ಕೂಗಿದ ರಭಸಕ್ಕೆ ಎದುರು ಅಂಗಡಿಯವನು ಹೊರಗೆ ಬಂದು ನೋಡಿದ. ಒಳ್ಳೆಯ ಗಂಟಲು. ಹೊಟ್ಟೆ ಉರಿಯಿತು.

ಮಾರ್ಚ್ ೪, ಮಂಗಳವಾರ

ಹಳೆಯ ನ್ಯಾಯಾಲಯವೇ ಇಲ್ಲಿ ಮ್ಯೂಸಿಯಂ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂಬತ್ತು ಗೆರೆ ಕೊರೆದಿದ್ದಾರೆ. ನದಿ ಉಕ್ಕಿದ ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು. ಒಂದು ಗೆರೆ ನನ್ನ ತಲೆಯ ಮೇಲಿದೆ. ಇಂಥ ಗೋಡೆ ನನ್ನ ಕೈಗೆ ಸಿಕ್ಕಿದ್ದರೆ ಇಪ್ಪತ್ತು ನಿಮಿಷ ಎಳೆಯುತ್ತಿದ್ದೆ.

ಇಲ್ಲಿಯ ಗೈಡು ನಿವೃತ್ತ ಟೀಚರು. ಮಡಚಿದ ಕೊಡೆಯಿಂದ ತೋರಿಸುತ್ತಾರೆ, ಆದ್ದರಿಂದ ಕೊಡೆ ಮೇಡಂ. ದನಿ ಮೆಲ್ಲಗೆ. ನಗಿಸುವ ಮಾತು ಒಂದೂ ಇಲ್ಲ. ಗುಂಪಿನಲ್ಲಿ ಒಬ್ಬ ಕೇಳಿದ: "ಮೇಡಂ, ಆ ಮೇಲಿನ ಗೆರೆ ಬಂದ ವರ್ಷ ಎಷ್ಟು ಜನ ಹೋದ್ರು?"

"ಗೊತ್ತಿಲ್ಲ" ಎಂದರು. "ಯಾರೂ ಬರ್ದಿಟ್ಟಿಲ್ಲ. ನಾನೂ ಹುಡುಕಿದೀನಿ."

ನನಗೆ ಮೈ ಜುಮ್ಮೆಂದಿತು. ಗೈಡಿನ ಬಾಯಲ್ಲಿ ಈ ಮಾತು ಬರುವುದೆಂದರೆ ಡ್ರೈವರು ಸ್ಟೇರಿಂಗ್ ಬಿಟ್ಟು ಕೈಮುಗಿದ ಹಾಗೆ. ಮಾತಿನ ಬದಲು ಜೊತೆಗಿಟ್ಟುಕೊಂಡಿರುವ ಸ್ಲೇಟು ತೆಗೆದು ಬರೆದೆ: "ಹಾಗೆ ಹೇಳಬಾರದು. 'ಆ ಲೆಕ್ಕವನ್ನು ಇತಿಹಾಸ ನೀರಿಗೇ ಬಿಟ್ಟಿದೆ' ಎನ್ನಬೇಕು. ಆಮೇಲೆ ಎರಡು ಕ್ಷಣ ನಿಲ್ಲಿಸಬೇಕು. ಜನ ತಲೆದೂಗುತ್ತಾರೆ." ಹೆಂಡತಿಯ ಕೈಗೆ ಕೊಟ್ಟು, ಓದಿ ಹೇಳು ಎಂದು ಸನ್ನೆ ಮಾಡಿದೆ.

ಇವಳು ಮನಸ್ಸಿನಲ್ಲೇ ಓದಿಕೊಂಡಳು. ಕೊಡೆ ಮೇಡಂ ಕಡೆ ತಿರುಗಿ, "ತುಂಬಾ ಚೆನ್ನಾಗಿ ಹೇಳಿದ್ರಿ ಅಂತಿದಾರೆ ನಮ್ಮನೆಯವರು" ಎಂದಳು.

"ಅಷ್ಟಕ್ಕೇ ಸ್ಲೇಟು ತುಂಬಾ ಬರ್ದಿದಾರಲ್ಲ?"

"ಅವರದು ಅಕ್ಷರ ದೊಡ್ಡದು."

ಇಷ್ಟು ವರ್ಷ ಇವಳಿಗೆ ಬಾಯಿ ಇಲ್ಲ ಎಂದುಕೊಂಡಿದ್ದೆ.

ಮಾರ್ಚ್ ೫, ಬುಧವಾರ

ನಾಲಿಗೆ ತುರಿಕೆ. ನಾಯಿಗೂ ಬೊಗಳಲು ಬಿಡುತ್ತಾರೆ.

ಮಾರ್ಚ್ ೭, ಶುಕ್ರವಾರ

ಹಳೆಯ ಧಾನ್ಯದ ಉಗ್ರಾಣವನ್ನು ನಾಟಕಶಾಲೆ ಮಾಡಿಕೊಂಡಿದ್ದಾರೆ. ಅರವತ್ತು ಕುರ್ಚಿ. ವೇದಿಕೆಗೆ ಇಳಿಬಿಟ್ಟ ಪರದೆಯೇ ಇಲ್ಲಿಯ ದೊಡ್ಡ ಆಕರ್ಷಣೆ: ನೂರ ಮೂವತ್ತು ವರ್ಷದ ಹಿಂದೆ ಯಾವನೋ ಬೋರ್ಡು ಬರೆಯುವವನು ಇಡೀ ಊರನ್ನು ಅದರ ಮೇಲೆ ಬಿಡಿಸಿದ್ದಾನೆ. ಸೇತುವೆ, ಗೋಪುರ, ಅಂಗಡಿ ಸಾಲು, ಕಿಟಕಿಯಲ್ಲಿ ಬಟ್ಟೆ ಹಿಂಡುತ್ತಿರುವ ಹೆಂಗಸು. ಬಣ್ಣ ಅಲ್ಲಲ್ಲಿ ಉದುರಿದೆ.

ಇಲ್ಲೂ ತೋರಿಸುವವರು ಕೊಡೆ ಮೇಡಂ. "ನೋಡಿ" ಎಂದರು. ಒಂದೇ ಪದ. ಆಮೇಲೆ ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಕುಳಿತೇಬಿಟ್ಟರು! ಗಡಿಯಾರ ನೋಡಿಕೊಂಡೆ. ನಾಲ್ಕು ನಿಮಿಷ ಮಾತೇ ಇಲ್ಲ. ನಲವತ್ತು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಗುಂಪು ಚೆದುರುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಅಭ್ಯಾಸಬಲದಿಂದ ಕಣ್ಣು ಎಣಿಸಿದೆ. ಹತ್ತೊಂಬತ್ತು ಜನ. ಹತ್ತೊಂಬತ್ತೂ ಪರದೆಯ ಮೇಲೆ. ಗೈಡಿನ ಕಡೆ ಒಬ್ಬರೂ ನೋಡುತ್ತಿಲ್ಲ.

ನನ್ನ ಗುಂಪಿನಲ್ಲಿ ನಲವತ್ತಕ್ಕೆ ಮೂವತ್ತೆಂಟು ಜನ ನನ್ನ ಮುಖವನ್ನೇ ನೋಡುತ್ತಾರೆ. ಇಬ್ಬರು ಚಪ್ಪಲಿ ನೋಡಿಕೊಳ್ಳುತ್ತಾರೆ. ಪಾಪ ಈ ಮೇಡಂ. ಯಾರೂ ಹೇಳಿಕೊಟ್ಟಿಲ್ಲ.

ಆ ಬಟ್ಟೆ ಹಿಂಡುವ ಹೆಂಗಸಿನ ಕೆಳಗೆ ಒಂದು ಬೆಕ್ಕು ಮುಖ ಎತ್ತಿ ನಿಂತಿದೆ, ತೊಟ್ಟಿಕ್ಕುವ ನೀರು ಬೀಳುತ್ತಿರುವುದು ಅದರ ಮೂಗಿನ ಮೇಲೇ. ಮೂರನೆಯ ನಿಮಿಷದಲ್ಲಿ ಕಂಡಿತು.

ಮಾರ್ಚ್ ೮, ಶನಿವಾರ

ಇವಳು ನನ್ನನ್ನು ಬಿಟ್ಟು ಗಾಜು ಊದುವವರ ಕಾರ್ಖಾನೆಗೆ ಹೋಗಿದ್ದಳು. "ನೀವು ಬಂದ್ರೆ ಆ ಮನುಷ್ಯನಿಗೆ ಹೇಗೆ ಊದ್ಬೇಕು ಅಂತ ಬರ್ದು ತೋರಿಸ್ತೀರ" ಎಂದಳು. ನಾನು ಕಿಟಕಿಯಲ್ಲಿ ಕುಳಿತು ಗಡಿಯಾರದ ಗೋಪುರ ಕಾದೆ.

ಬಂದವಳು ನಲವತ್ತು ನಿಮಿಷ ಹೇಳಿದಳು. ಕುಲುಮೆಯಿಂದ ತೆಗೆದ ಗಾಜು ಮೊದಲು ಜೇನಿನ ಹಾಗೆ ಜೋಲುತ್ತದಂತೆ, ಊದುವವನ ಕೆನ್ನೆ ಉಬ್ಬುವುದೇ ಇಲ್ಲವಂತೆ, ಉಸಿರು ಹೊಟ್ಟೆಯಿಂದ ಬರುತ್ತದಂತೆ, ಮಾಡಿದ ಹೂಜಿಯನ್ನು ಮತ್ತೆ ಬಿಸಿಗೂಡಿನಲ್ಲಿಟ್ಟು ಇಡೀ ದಿನ ನಿಧಾನವಾಗಿ ಆರಿಸಬೇಕಂತೆ, ಇಲ್ಲದಿದ್ದರೆ ನಾಲ್ಕು ದಿನ ಬಿಟ್ಟು ತನ್ನಷ್ಟಕ್ಕೆ ತಾನೇ ಪಟ್ಟೆನ್ನುತ್ತದಂತೆ. ನಡುವೆ ಬಾಯಿ ಹಾಕಲು ಆರು ಜಾಗ ಸಿಕ್ಕವು. ಬಾಯಿ ಇರಲಿಲ್ಲ. ಹಾಗಾಗಿ ಕತೆ ಕೊನೆ ಮುಟ್ಟಿತು.

ಗಾಜು ಎಂದಾಗ ನೆನಪಾಯಿತು, ಬೇರೆ ಯಾರೂ ಓದದ ಪುಸ್ತಕವಾದ್ದರಿಂದ ಬರೆದುಬಿಡುತ್ತೇನೆ. ನಮ್ಮ ಅರಮನೆಯ ಬಣ್ಣದ ಕಿಟಕಿಯಲ್ಲಿ ಎಷ್ಟು ಚೂರು ಗಾಜು ಇವೆ ಎಂದು ಹಿಂದೊಮ್ಮೆ ಒಬ್ಬ ಕೇಳಿದ. ಬಾಯಿಗೆ ಬಂದದ್ದು ಸಾವಿರದ ನೂರಾ ಹದಿನಾಲ್ಕು. ಅದೀಗ ಅರಮನೆಯ ಕೈಪಿಡಿಯಲ್ಲಿದೆ. ನಾನು ಹೇಳಿದ್ದನ್ನು ಅವರು ಅಚ್ಚು ಹಾಕಿದರು. ಅವರು ಅಚ್ಚು ಹಾಕಿದ್ದನ್ನು ನಾನು ಆಧಾರ ಎಂದು ತೋರಿಸುತ್ತೇನೆ. ಆ ಕಿಟಕಿಯನ್ನು ಎಣಿಸುವುದಿರಲಿ, ನಿಂತು ನೋಡಿ ಎಷ್ಟು ವರ್ಷವಾಯಿತೋ. ನನ್ನ ಬೆನ್ನು ಯಾವಾಗಲೂ ಅದರ ಕಡೆಗೇ ಇರುತ್ತದೆ.

ಮಾರ್ಚ್ ೧೦, ಸೋಮವಾರ

ಮಧ್ಯಾಹ್ನ ಕೆಳಗಿನ ಅಂಗಡಿಯಲ್ಲಿ ಟೀ. ಬೈಂಡಿಂಗ್ ಅಮ್ಮ ಹಾಳೆಗಳನ್ನು ಸೂಜಿಯಿಂದ ಹೊಲಿಯುತ್ತಿದ್ದರು, ಇವಳು ಸುಮ್ಮನಿರಲಾರದೆ ದಾರಕ್ಕೆ ಮೇಣ ಉಜ್ಜಿಕೊಡುತ್ತಿದ್ದಳು. ನಾನು ಮೂಲೆಯ ಸ್ಟೂಲಿನ ಮೇಲೆ.

"ಮದುವೆಗೆ ಮುಂಚೆ ಏನ್ ಮಾಡ್ತಿದ್ರಿ?" ಎಂದು ಬೈಂಡಿಂಗ್ ಅಮ್ಮ ಕೇಳಿದರು.

"ಆಸ್ಪತ್ರೇಲಿ ಟೆಲಿಫೋನ್ ಬೋರ್ಡು ನೋಡ್ಕೋತಿದ್ದೆ, ಮೂರು ವರ್ಷ" ಎಂದಳು. ಇದು ನನಗೆ ಗೊತ್ತು. ಮುಂದಿನದು ಗೊತ್ತಿರಲಿಲ್ಲ. "ಫೋನ್ ಎತ್ತಿದ ಕೂಡ್ಲೇ ಆ ಕಡೆಯವರು ಮಾತು ಶುರು ಮಾಡೋದಿಲ್ಲ, ಅಮ್ಮ. ಮೊದಲು ಒಂದು ಉಸಿರು ಇರುತ್ತೆ. ಆ ಉಸಿರಲ್ಲೇ ಗೊತ್ತಾಗೋದು, ಹುಟ್ಟಿದ ಸುದ್ದಿ ಕೇಳೋಕೆ ಮಾಡಿದ್ದೋ, ಇನ್ನೊಂದಕ್ಕೋ ಅಂತ. ಇನ್ನೊಂದಾದ್ರೆ ನಾನೇ ಮೊದಲು ಮಾತಾಡ್ತಿದ್ದೆ. 'ಇದೀನಿ, ನಿಧಾನಕ್ಕೆ ಹೇಳಿ' ಅಂತ."

"ಮತ್ತೆ ಯಾಕೆ ಬಿಟ್ರಿ?"

"ಮದುವೆ ಆಯ್ತಲ್ಲ. ಮನೇಲೇ ಒಂದು ಟೆಲಿಫೋನ್ ಸಿಕ್ತು. ಆ ಕಡೆಯಿಂದ ಮಾತ್ರ ಬರೋದು." ನನ್ನ ಕಡೆ ಗದ್ದ ತೋರಿಸಿದಳು. ಇಬ್ಬರೂ ನಕ್ಕರು. ಬೈಂಡಿಂಗ್ ಅಮ್ಮ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮ! ಹೆಂಡತಿ! ತಮಾಷೆ! ಮಾಡಿದ್ರು!" ಎಂದು ಕೂಗಿ ತಿಳಿಸಿದರು.

ನಾನು ಸ್ಲೇಟಿನಲ್ಲಿ ಬರೆದೆ: "ಹುಟ್ಟಿದ ಸುದ್ದಿಯ ಉಸಿರು ಹೇಗಿರುತ್ತದೆ?" ಇವಳು ಓದಿ, ಒಂದು ಗಳಿಗೆ ನನ್ನನ್ನೇ ನೋಡಿ, "ಮೇಲಿಂದ ಮೇಲೆ, ಚಿಕ್ಕದಾಗಿ. ಓಡಿ ಬಂದವರ ಹಾಗೆ" ಎಂದಳು. ಯಾಕೆ ಹಾಗೆ ನೋಡಿದಳೋ. ಪ್ರಶ್ನೆ ಸರಳವಾಗಿಯೇ ಇತ್ತು.

ಇನ್ನು ಐದು ದಿನ. ಗಂಟಲಲ್ಲಿ ನೋವಿಲ್ಲ. ಮೊದಲ ಗುಂಪಿಗೆ ಏನು ಹೇಳಬೇಕೆಂದು ಯೋಚಿಸಲು ಕುಳಿತೆ. ಟೀ ತಣ್ಣಗಾಯಿತು, ಏನೂ ಹೊಳೆಯಲಿಲ್ಲ.

ಮಾರ್ಚ್ ೧೧, ಮಂಗಳವಾರ

ಕೂಗಿದೆ. ಒಂದೇ ಪದ. ಇದ್ದಷ್ಟೂ ಗಂಟಲಿನಿಂದ.

ಇವತ್ತು ಹೆಚ್ಚು ಬರೆಯಲಾರೆ.

ಮಾರ್ಚ್ ೧೨, ಬುಧವಾರ

ನಡೆದದ್ದು ಇಷ್ಟು.

ಹಿಂದೆ ಹಿಂದೆ ನಡೆಯುವುದು ನಮ್ಮ ಕಸುಬಿನ ಅರ್ಧ ಭಾಗ. ಮುಖ ಗುಂಪಿನ ಕಡೆ, ಬೆನ್ನು ದಾರಿಯ ಕಡೆ, ಬಾಯಿ ಓಡುತ್ತಲೇ ಇರಬೇಕು. ನೋಡುವವರಿಗೆ ಸಲೀಸು. ಅದಕ್ಕೆ ಮುಂಚೆ ಬೆಳಗಾಗೆದ್ದು ಒಬ್ಬನೇ ಆ ದಾರಿಯಲ್ಲಿ ನಡೆದು ಪ್ರತಿ ಹಳ್ಳ, ಪ್ರತಿ ಮೆಟ್ಟಿಲು ಹಿಮ್ಮಡಿಗೆ ಬಾಯಿಪಾಠ ಮಾಡಿಸಿರುತ್ತೇವೆ. ಎದುರಿಗಿರುವವರ ಮುಖವನ್ನೂ ಓದುತ್ತಿರುತ್ತೇವೆ. ಬೆನ್ನ ಹಿಂದಿನ ಅಪಾಯ ಮೊದಲು ಕಾಣುವುದು ಅವರ ಹುಬ್ಬಿನಲ್ಲಿ. ನಾನು ಇಪ್ಪತ್ತನಾಲ್ಕು ವರ್ಷದಲ್ಲಿ ಬಿದ್ದದ್ದು ಎರಡೇ ಸಲ.

ನಿನ್ನೆ ಸಂಜೆ ಬಿಸಿಲು ಇಳಿಯುವ ಮುಂಚೆ ನದಿ ದಂಡೆಯ ಕಲ್ಲುಹಾದಿಯಲ್ಲಿ ನಾವಿಬ್ಬರೇ. ಇವಳಿಗೆ ಏನು ಹುರುಪು ಬಂತೋ, ನನ್ನ ಟೋಪಿ ಕಿತ್ತು ತಲೆಗಿಟ್ಟುಕೊಂಡಳು. ಎದುರಿಗೆ ತಿರುಗಿ ನಿಂತಳು. "ಬನ್ನಿ ಬನ್ನಿ! ಹಿಂದಿರೋರು ಮುಂದೆ ಬನ್ನಿ, ಮುಂದಿರೋರು ಹೊಟ್ಟೆ ಒಳಗೆ ಎಳ್ಕೊಳ್ಳಿ!" ಅದು ನನ್ನ ದಿನದ ಮೊದಲ ಸಾಲು. ಒಂದು ದಿನವೂ ಇವಳು ನನ್ನ ಗುಂಪಿನಲ್ಲಿ ಬಂದವಳಲ್ಲ. ನಾನು ಕರೆದೂ ಇಲ್ಲ. ಆದರೆ ಸ್ನಾನದ ಮನೆಯಲ್ಲಿ ನಾನು ಮಾಡಿದ ಅಭ್ಯಾಸವೆಲ್ಲ ಇವಳಿಗೆ ಕಂಠಪಾಠ. "ಈ ನದೀಲಿ ಒಟ್ಟು ಸಾವಿರದ ನೂರಾ ಹದಿನಾಲ್ಕು ಮೀನು! ಎಣಿಸಿದ್ದು ಯಾರು? ನಾನೇ!" ಎನ್ನುತ್ತಾ ನನ್ನ ಹಾಗೆಯೇ ಎಡಗೈ ಸೊಂಟಕ್ಕಿಟ್ಟು ಹಿಂದೆ ಹಿಂದೆ ನಡೆದಳು. ಶಬ್ದವಿಲ್ಲದೆ ನಗುವುದು ಎಷ್ಟು ಕಷ್ಟ ಎಂದರೆ ಪಕ್ಕೆ ಹಿಡಿದುಕೊಂಡಿತು.

ಅವಳ ಬೆನ್ನ ಹಿಂದೆ ದೋಣಿಕಟ್ಟೆಗೆ ಇಳಿಯುವ ಮೆಟ್ಟಿಲು. ಕಂಬಿಯಿಲ್ಲ. ಕಲ್ಲಿನ ಮೇಲೆ ಪಾಚಿ. ನಮ್ಮಿಬ್ಬರ ನಡುವೆ ಎಂಟು ಹೆಜ್ಜೆ, ಅವಳಿಗೂ ಮೆಟ್ಟಿಲಿಗೂ ಮೂರು.

ಎರಡೂ ಕೈ ಎತ್ತಿ ಬೀಸಿದೆ. "ಪ್ರಶ್ನೆ ಇದ್ರೆ ಕೊನೇಲಿ ಕೇಳಿ, ಸಾರ್!" ಎಂದಳು. ಅದೂ ನನ್ನದೇ ಸಾಲು. ಇನ್ನೊಂದು ಹೆಜ್ಜೆ ಹಿಂದಿಟ್ಟಳು.

ಆಗ ಕೂಗಿದ್ದು. ಅವಳ ಹೆಸರು.

ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ನಿಂತಳು. ಆಮೇಲೆ ಮೆಲ್ಲಗೆ ಕಾಲನ್ನು ಮುಂದಕ್ಕೆ ಇಟ್ಟು, ಅಲ್ಲೇ ಹಾದಿಯ ಮೇಲೆ ಕುಳಿತುಬಿಟ್ಟಳು. ಇಪ್ಪತ್ತಾರು ವರ್ಷದಲ್ಲಿ ಅವಳನ್ನು ನಾನು 'ಏ' ಎಂದು, 'ನೋಡಿಲ್ಲಿ' ಎಂದು, 'ಕೇಳಿಸ್ತಾ' ಎಂದು ಕರೆದಿದ್ದೇನೆ. ಹೆಸರು ಇದೆ ಎಂಬುದು ರೇಷನ್ ಕಾರ್ಡು ತುಂಬುವಾಗ ಮಾತ್ರ ನೆನಪಾಗುತ್ತಿತ್ತು.

"ರೀ... ನೀವು ನನ್ನ..." ಎಂದಳು. ಮುಖ ಅರಳಿದ್ದು ಹಾಗೆಯೇ ಬಾಡಿತು. "ಅಯ್ಯೋ, ಗಂಟಲು!"

ಗಂಟಲಲ್ಲಿ ಸೂಜಿ ಮುರಿದ ಹಾಗಿತ್ತು. ಬೈಂಡಿಂಗ್ ಅಮ್ಮನ ಫೋನಿನಿಂದ ಇವಳು ಡಾಕ್ಟರಿಗೆ ಹೇಳಿದಳು. ಆ ಕಡೆಯಿಂದ ಉದ್ದನೆಯ ನಿಟ್ಟುಸಿರು ನನಗೇ ಕೇಳಿಸಿತು. "ಆಗಿದ್ದಾಯ್ತು. ಉಳಿದ ದಿನ ಬಾಯಿ ಬಿಡ್ಬೇಡಿ. ಶನಿವಾರ ಗಂಟಲೊಳಗೆ ನೋಡ್ದೆ ಏನೂ ಹೇಳೋಕಾಗಲ್ಲ."

ಮಾರ್ಚ್ ೧೩, ಗುರುವಾರ

ಇವಳು ಮಾತು ಬಿಟ್ಟಿದ್ದಾಳೆ. ಕೋಪವಲ್ಲ. ತನ್ನಿಂದ ಆಯಿತು ಎಂದು. ತಿಂಡಿ, ಮೌನ. ಸೇತುವೆಯವರೆಗೆ ನಡಿಗೆ, ಮೌನ. "ಈಗ ಇಬ್ರಿಗೂ ಆಪರೇಷನ್ ಆಯ್ತಾ?" ಎಂದರು ಬೈಂಡಿಂಗ್ ಅಮ್ಮ, ಇವತ್ತು ಮೆಲ್ಲಗೆ.

ಈ ಕೋಣೆ ಇಷ್ಟು ದೊಡ್ಡದಿದೆ ಎಂದು ಗೊತ್ತೇ ಇರಲಿಲ್ಲ. ಮೇಜಿನ ಡ್ರಾಯರು ತೆಗೆದು ಮುಚ್ಚಿದರೂ ಸದ್ದು ಕೇಳಿಸುತ್ತದೆ.

ಸಂಜೆ ಸ್ಲೇಟಿನಲ್ಲಿ ಬರೆದು ಇವಳ ಮಡಿಲಲ್ಲಿಟ್ಟೆ: "ಮಾತಾಡು."

"ಏನ್ ಮಾತಾಡ್ಲಿ? ನನ್ನ ಹುಡುಗಾಟಕ್ಕೆ ನಿಮ್ಮ ಅನ್ನವೇ ಹೋಗೋ ಹಾಗಾಯ್ತು."

ಒರೆಸಿ ಬರೆದೆ: "ಗಾಜಿನದ್ದು ಇನ್ನೊಂದ್ಸಲ ಹೇಳು."

"ಹೇಳಿದ್ನಲ್ಲ ಅವತ್ತು."

"ಆರಿಸೋದು ಮರೆತೆ" ಎಂದು ಬರೆದೆ. ಮರೆತಿರಲಿಲ್ಲ. ಇವಳು ಮೂಗು ಒರೆಸಿಕೊಂಡು, ಹೂಜಿಯಿಂದ ಶುರು ಮಾಡಿದಳು. ಈ ಸಲ ಐವತ್ತು ನಿಮಿಷ ಹಿಡಿಯಿತು.

ಮಾರ್ಚ್ ೧೪, ಶುಕ್ರವಾರ

ಹೊರಡುವ ಮುನ್ನ ಇನ್ನೊಮ್ಮೆ ಪರದೆ ನೋಡಲು ಹೋದೆವು. ಕೊಡೆ ಮೇಡಂ ಒಬ್ಬರೇ ಇದ್ದರು, ಕುರ್ಚಿಗಳ ದೂಳು ಹೊಡೆಯುತ್ತಿದ್ದರು. ನಾನು ಸ್ಲೇಟಿನಲ್ಲಿ ಬರೆದೆ: "ಆ ಬೆಕ್ಕು ಯಾರದು?" ಇವಳು ಇದ್ದ ಹಾಗೆಯೇ ಓದಿದಳು. ಮೂರೇ ಪದ, ತಿದ್ದಲು ಜಾಗವಿರಲಿಲ್ಲ.

ಕೊಡೆ ಮೇಡಂ ಹತ್ತಿರ ಬಂದು ಕನ್ನಡಕ ಏರಿಸಿ ಬಗ್ಗಿದರು. "ಬೆಕ್ಕಾ? ಎಲ್ಲಿ?" ಹನ್ನೊಂದು ವರ್ಷದಿಂದ ತೋರಿಸುತ್ತಿದ್ದಾರೆ, ನೋಡಿರಲಿಲ್ಲವಂತೆ. ಮೂವರೂ ನಿಂತು ನೋಡಿದೆವು. ಎಷ್ಟು ನಿಮಿಷ ಎಂದು ನೋಡಿಕೊಳ್ಳಲಿಲ್ಲ, ಗಡಿಯಾರ ಕೋಣೆಯಲ್ಲೇ ಉಳಿದಿತ್ತು.

ನಾಳೆ ಹನ್ನೊಂದಕ್ಕೆ ಡಾಕ್ಟರು. ಸ್ಲೇಟನ್ನು ಎರಡು ಸಲ ಒರೆಸಿ ಚೀಲಕ್ಕೆ ಹಾಕಿದೆ.

ಮಾರ್ಚ್ ೧೫, ಶನಿವಾರ

ಬೆಳಗಿನ ಮೊದಲ ರೈಲು ಹಿಡಿದು ನೇರ ಆಸ್ಪತ್ರೆಗೆ.

ಡಾಕ್ಟರು ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಪುಟ್ಟ ಕ್ಯಾಮೆರಾ ಇಳಿಸಿ, ಬಹಳ ಹೊತ್ತು ನೋಡಿದರು. "ಒಂದು ಕಡೆ ಚೆನ್ನಾಗಿ ಮಾಯ್ದಿದೆ. ಇನ್ನೊಂದು ಕಡೆ ಬಿರುಕು ಬಿಟ್ಟು ಕೂಡಿಕೊಂಡಿದೆ, ಗೀಟು ಉಳಿದಿದೆ. ಅದು ಹೋಗಲ್ಲ. ಎಲ್ಲಿ, ಒಂದರಿಂದ ಹತ್ತು ಎಣಿಸಿ. ನಿಧಾನಕ್ಕೆ."

ಒಂದು, ಎರಡು, ಮೂರು ಬಂದವು. ನಾಲ್ಕು ಬರೀ ಗಾಳಿ. ಐದರಿಂದ ಮತ್ತೆ ಬಂತು. ನನ್ನ ದನಿ ಅಲ್ಲ ಅದು; ಗೋಡೆಯ ಆಚೆ ಯಾರೋ ನನ್ನ ಹಾಗೆ ಮಾತಾಡಿದಂತಿತ್ತು. ಇವಳು ಕುರ್ಚಿಯ ತುದಿಗೆ ಬಂದಿದ್ದಳು.

"ಧ್ವನಿ ಇದೆ" ಎಂದರು ಡಾಕ್ಟರು. "ಆದ್ರೆ ಮೊದಲಿನದಲ್ಲ. ಹತ್ತು ಜನಕ್ಕೆ ಕೇಳಿಸುತ್ತೆ. ನಲವತ್ತಕ್ಕೆ ಇನ್ಮೇಲೆ ಆಗಲ್ಲ. ಒಂದು ತಿಂಗಳು ದಿನಕ್ಕೆ ಐದೇ ನಿಮಿಷ ಮಾತು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ."

ಹತ್ತು ಜನ. ಹತ್ತೇ ಜನ ಎಂದರೆ ಆ ಬಣ್ಣದ ಕಿಟಕಿಯ ಮುಂದೆ ಎಲ್ಲರೂ ಹಿಡಿಸುತ್ತಾರೆ, ಕೊನೆಯವನಿಗೂ ಕೆಳಗಿನ ಮೂಲೆ ಕಾಣುತ್ತದೆ. ನಾನು ಪಕ್ಕದಲ್ಲಿ ಎಲ್ಲಾದರೂ ನಿಲ್ಲಬಹುದು. ಮೇಲಿನ ಅಧಿಕಾರಿಗೆ ಸೋಮವಾರ ಬರೆದು ಕೇಳಬೇಕು, ಚಿಕ್ಕ ಗುಂಪು ಕೊಡುತ್ತಾರೋ ಎಂದು. ಕೊಡದಿದ್ದರೆ ಮುಂದೇನು ಎಂಬುದನ್ನೂ ಯೋಚಿಸಬೇಕು.

"ಅಲ್ಲಾ, ಅಷ್ಟು ಹೇಳಿ ಕಳಿಸಿದ್ದೆ. ಕೂಗೋ ಅಂಥದ್ದು ಏನಾಯ್ತು?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಇವಳು ಶುರು ಮಾಡಿದಳು. ಇವಳ ಕತೆಯಲ್ಲಿ ನದಿ ಎದೆಮಟ್ಟ ಉಕ್ಕಿ ಹರಿಯುತ್ತಿತ್ತು. ಅವತ್ತು ಅಲ್ಲಿ ನೀರಿದ್ದದ್ದು ಮೊಣಕಾಲಿನವರೆಗೆ. ಮೆಟ್ಟಿಲು ನೂರಾದವು, ಹದಿಮೂರು ಇರಬಹುದು. ನಾನು ಕೂಗುತ್ತಲೇ ಹಾರಿ ಬಂದು ಅವಳ ರಟ್ಟೆ ಹಿಡಿದೆಳೆದೆನಂತೆ. ನಿಜಕ್ಕೆ ನಾನು ನಿಂತಲ್ಲೇ ಕಂಬದ ಹಾಗೆ ನಿಂತಿದ್ದೆ. ಎಡಗೈ ಸೊಂಟಕ್ಕಿಟ್ಟು ಎದ್ದು ನಿಂತು ತೋರಿಸಿದಳು ಬೇರೆ. ಡಾಕ್ಟರ ಕೈಯಲ್ಲಿದ್ದ ಪೆನ್ನು ಬರೆಯುವುದನ್ನೇ ಮರೆತಿತ್ತು.

ಕೊನೆಗೆ ಅವರು ನನ್ನ ಕಡೆ ತಿರುಗಿದರು. "ಹೌದಾ? ಇಷ್ಟೆಲ್ಲಾ ಆಯ್ತಾ?"

ಇವತ್ತಿನ ಐದು ನಿಮಿಷದಲ್ಲಿ ನಾಲ್ಕೂವರೆ ಇನ್ನೂ ಉಳಿದಿತ್ತು.

"ಹೌದು" ಎಂದೆ.